ಘಮ ಬರಲಿ ಅಂತ ಎಣ್ಣೆ ಸುರಿದಿದ್ದು: ಒಂದು ಕ್ಯಾಂಡಲ್ ಪ್ರಕರಣ

ಇದು ನನ್ನ ಗೆಳತಿಯೊಬ್ಬಳ ಪ್ರಕರಣ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಆರ್ಡರ್ ಕೊಟ್ಟವರು ಯಾರು ಅನ್ನೋದನ್ನೆಲ್ಲ ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ. ಅಳತೆ, ತೂಕ, ತಾಪಮಾನ ಮಾತ್ರ ಇದ್ದ ಹಾಗೇ ಇವೆ. "ನನ್ನ ದಡ್ಡತನ ಎಷ್ಟು ಬೇಕಾದರೂ ಬರಿ, ಅಳುತ್ತಾ ಫೋನ್ ಮಾಡಿದ್ದು ಮಾತ್ರ ಬರೀಬೇಡ ಕಣೇ" ಅಂದಿದ್ದಳು. ಸರಿ, ಅದನ್ನು ಬರೆಯೋದಿಲ್ಲ.

ಮನೆಯಲ್ಲಿ ಪರಿಮಳದ ಕ್ಯಾಂಡಲ್ ಮಾಡುವವರಿಂದ ನಾನು ಜಾಸ್ತಿ ಕೇಳಿರುವ ದೂರು ಒಂದೇ. ಮೂಸಿದರೆ ಘಮ ಇದೆ, ಹಚ್ಚಿದರೆ ಇಲ್ಲ. ಗೆಳತಿಯದೂ ಅದೇ ದೂರು. ಅದಕ್ಕೆ ಅವಳು ಹುಡುಕಿದ ಪರಿಹಾರವೂ ಎಲ್ಲರದೇ, ಇನ್ನಷ್ಟು ಎಣ್ಣೆ ಹಾಕೋದು. ಅದು ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿತು, ಅಲ್ಲಿಂದ ಹೇಗೆ ಹಿಂದಕ್ಕೆ ಬಂದಳು ಅನ್ನೋದು ಈ ಬರಹ.

ಶುರುವಾದದ್ದು

ಹೊಲಿಗೆ, ಹೆಣಿಗೆ, ಸೋಪು ಎಲ್ಲ ಮುಗಿಸಿ ಕ್ಯಾಂಡಲ್‌ಗೆ ಬಂದವಳು ಅವಳು. ಗಾಜಿನ ಜಾರಿಗೆಂದೇ ಮಾಡಿದ ಸೋಯಾ ಮೇಣ, ಲ್ಯಾವೆಂಡರ್ ಫ್ರೇಗ್ರೆನ್ಸ್ ಆಯಿಲ್ (ಪರಿಮಳಕ್ಕೆಂದೇ ಬೆರೆಸಿ ಮಾಡಿದ ಎಣ್ಣೆ), ನಿಂಬೆಯ ಎಸೆನ್ಶಿಯಲ್ ಆಯಿಲ್ (ಹಣ್ಣಿನ ಸಿಪ್ಪೆಯಿಂದಲೇ ತೆಗೆದದ್ದು), ಹನ್ನೆರಡು ದಪ್ಪ ಗಾಜಿನ ಜಾರ್, ಹೆಸರು ನಂಬರ್ ಏನೂ ಇಲ್ಲದ ಒಂದು ಸುರುಳಿ ಬತ್ತಿ ತರಿಸಿಕೊಂಡಿದ್ದಳು. ಥರ್ಮಾಮೀಟರ್ ಇತ್ತು. ತೂಕದ ಯಂತ್ರ ಇರಲಿಲ್ಲ. ಮೊದಲ ಎಡವಟ್ಟು ಅಲ್ಲೇ ಕೂತಿತ್ತು.

ಸೋಯಾ ಮೇಣ ಅಂದರೆ ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು. ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್ ಮೇಣಕ್ಕೆ ಹೋಲಿಸಿದರೆ ಇದು ಹೊಸಬ. ಪ್ಯಾರಾಫಿನ್ 1830ರಲ್ಲೇ ಗೊತ್ತಾಗಿತ್ತು, ಸೋಯಾ ಮೇಣ ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಜಾರಿಗೆ ಹಾಕುವ ಸೋಯಾ ಮೇಣ ಮೆತ್ತಗಿರುತ್ತೆ, 50 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತೆ. ಕೆಲಸ ಮಾಡೋಕೆ ಸುಲಭ. ಆದರೆ ಘಮ ಬಿಟ್ಟುಕೊಡೋದರಲ್ಲಿ ಸ್ವಲ್ಪ ಜಿಪುಣ, ತಾಳ್ಮೆ ಕೇಳುತ್ತೆ.

ಮೊದಲ ಸಲ ನಾಲ್ಕು ಜಾರ್ ಮಾಡಿದಳು. ಅವು ಪೂರ್ತಿ ತಣ್ಣಗಾಗುವ ಮೊದಲೇ ಫೋಟೋ ತೆಗೆದು ಪರಿಚಯದವರಿಗೆ ಕಳಿಸಿದಳು. ಅವರಲ್ಲೊಬ್ಬರು ಕೂಡಲೇ ಕೇಳಿದರು: ಒಂದು ಸಮಾರಂಭ ಇದೆ, ಬಂದವರಿಗೆ ಕೊಡೋಕೆ ನಲವತ್ತು ಬೇಕು, ಐದು ವಾರ ಟೈಮ್ ಇದೆ, ಆಗುತ್ತಾ? ಗೆಳತಿ ಆಗುತ್ತೆ ಅಂದಳು. ಆ ಹೊತ್ತಿಗೆ ಅವಳು ತಾನು ಮಾಡಿದ ಒಂದೇ ಒಂದು ಕ್ಯಾಂಡಲನ್ನೂ ಹಚ್ಚಿ ನೋಡಿರಲಿಲ್ಲ.

ಮೂರು ಸಲ, ಮೂರು ಬಗೆ

ಮೊದಲ ಸಲದ್ದರಲ್ಲಿ ಜಾರಿಗೆ 30 ಹನಿ ಲ್ಯಾವೆಂಡರ್ ಹಾಕಿದ್ದಳು. ಮೂವತ್ತು ಹನಿ ಅಂದರೆ ಬಹಳ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿದರೆ ಅದು ಸುಮಾರು ಒಂದೂವರೆ ಮಿಲಿಲೀಟರ್. ಜಾರಿನಲ್ಲಿ ಮೇಣ 170 ಗ್ರಾಂನಷ್ಟಿತ್ತು. ಅಂದರೆ ಎಣ್ಣೆ ಶೇ. 1 ಕೂಡ ಇಲ್ಲ. ಸೋಯಾ ಮೇಣಕ್ಕೆ ಸಾಮಾನ್ಯವಾಗಿ ಹಾಕೋದು ಶೇ. 6ರಿಂದ 10. ಹಚ್ಚಿದಾಗ ಏನೂ ಬರಲಿಲ್ಲ, ಬರುವ ಹಾಗೂ ಇರಲಿಲ್ಲ.

ಎರಡನೇ ಸಲ ಅವಳು ಇನ್ನೊಂದು ತುದಿಗೆ ಹಾರಿದಳು. ಅಷ್ಟರಲ್ಲಿ ತೂಕದ ಯಂತ್ರ ಬಂದಿತ್ತು. ನಾಲ್ಕು ಜಾರಿಗೆ ಶೇ. 12ರಂತೆ ಎಣ್ಣೆ ತೂಗಿ ಹಾಕಿದಳು. ಮೇಣದ ಚೀಲದ ಮೇಲೆ ಗರಿಷ್ಠ ಶೇ. 10 ಅಂತ ಬರೆದಿತ್ತು. ಅದನ್ನು ಓದಿದ್ದಳಂತೆ, "ಎರಡು ಪರ್ಸೆಂಟಿಗೆ ಏನಾಗುತ್ತೆ" ಅಂದುಕೊಂಡಳಂತೆ. ಅದರ ಜೊತೆಗೆ ಇನ್ನೊಂದು ಬದಲಾವಣೆ ಮಾಡಿದ್ದಳು. ಆ ಲ್ಯಾವೆಂಡರ್ ಎಣ್ಣೆಯ ಫ್ಲ್ಯಾಶ್ ಪಾಯಿಂಟ್ 65 ಡಿಗ್ರಿ ಅಂತ ಬಾಟಲಿಯಲ್ಲಿತ್ತು, ಅದಕ್ಕಿಂತ ಬಿಸಿ ಮೇಣಕ್ಕೆ ಹಾಕಿದರೆ ಪರಿಮಳ ಸುಟ್ಟು ಹೋಗುತ್ತೆ ಅಂತ ಯಾರೋ ಹೇಳಿದ್ದರು. ಹಾಗಾಗಿ ಮೇಣ 50 ಡಿಗ್ರಿಗೆ ಇಳಿದು ಮಂಜು ಮಂಜಾಗುವ ತನಕ ಕಾದು ಆಮೇಲೆ ಎಣ್ಣೆ ಬೆರೆಸಿದಳು.

ಈ ಫ್ಲ್ಯಾಶ್ ಪಾಯಿಂಟ್ ಮಾತು ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ! ಎಣ್ಣೆಯಿಂದ ಏಳುವ ಆವಿಗೆ ಪಕ್ಕದಲ್ಲಿ ಕಿಡಿಯೋ ಬೆಂಕಿಯೋ ಇದ್ದರೆ ಹೊತ್ತಿಕೊಳ್ಳಬಹುದಾದ ತಾಪಮಾನ ಅದು. ಸಾಗಿಸುವವರಿಗೆ, ಒಲೆ ಪಕ್ಕ ಕೆಲಸ ಮಾಡುವವರಿಗೆ ಬೇಕಾದ ಮಾಹಿತಿ. ಆ ಡಿಗ್ರಿ ದಾಟಿದ ಕೂಡಲೇ ಘಮ ಮಾಯವಾಗುತ್ತೆ ಅಂತ ಅದರ ಅರ್ಥ ಅಲ್ಲ. ಒಲೆ ಆರಿಸಿ, ಪಾತ್ರೆ ಕೆಳಗಿಳಿಸಿ, 80 ಡಿಗ್ರಿ ಆಸುಪಾಸಿನಲ್ಲಿ ಎಣ್ಣೆ ಹಾಕಿ ಎರಡು ನಿಮಿಷ ನಿಧಾನಕ್ಕೆ ತಿರುವಿದರೆ ಮೇಣದ ಜೊತೆ ಚೆನ್ನಾಗಿ ಬೆರೆಯುತ್ತೆ. ಗಟ್ಟಿಯಾಗೋಕೆ ಹೊರಟ ಮೇಣದಲ್ಲಿ ಹಾಗೆ ಬೆರೆಯೋದಿಲ್ಲ.

ಅವಳದೂ ಬೆರೆಯಲಿಲ್ಲ. ಮರುದಿನ ಜಾರಿನ ಮೇಲೆ ಬೆವರಿನ ಹಾಗೆ ಎಣ್ಣೆಯ ಹನಿಗಳು ನಿಂತಿದ್ದವು. ಟಿಶ್ಯೂ ಪೇಪರಿನಿಂದ ಒರೆಸಿ ಹಚ್ಚಿದಳು. ಉರಿ ಬಟಾಣಿ ಗಾತ್ರಕ್ಕೆ ಮುದುಡಿಕೊಂಡಿತು. ಬತ್ತಿಯ ಸುತ್ತ ಎರಡು ಬೆರಳಗಲ ಕರಗಿ, ನೇರ ಕೆಳಕ್ಕೆ ಬಾವಿ ತೋಡಿದ ಹಾಗೆ ಇಳಿಯಿತು. ಅಂಚಿನ ಮೇಣ ಗೋಡೆಯ ಹಾಗೆ ನಿಂತೇ ಇತ್ತು. ಸುರಂಗ ಬೀಳೋದು ಅಂತ ನಾವು ಹೇಳೋದು ಇದಕ್ಕೇ.

ಅವತ್ತು ಸಂಜೆ ಇನ್ನೊಂದು ಸಂಗತಿ ನಡೆಯಿತು. ಅದನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪಕ್ಕದ ಮನೆಯ ಹುಡುಗ, ಹತ್ತು ಹನ್ನೊಂದು ವರ್ಷದವನು, ಏನೋ ವಾಪಸ್ ಕೊಡೋಕೆ ಬಂದವನು ಬಾಗಿಲಲ್ಲೇ ನಿಂತು, "ಆಂಟಿ, ಏನಿದು ಇಷ್ಟು ಘಾಟು, ತಲೆ ನೋಯುತ್ತೆ" ಅಂದ. ಇವಳು ನಕ್ಕು ಕಳಿಸಿದಳು. ಅವಳ ಮೂಗಿಗೆ ಆ ಹೊತ್ತಿನಲ್ಲಿ ಲ್ಯಾವೆಂಡರ್ ಅನ್ನೋದು ಇರಲೇ ಇಲ್ಲ.

ಮೂರನೇ ಸಲ. ಉಳಿದ ನಾಲ್ಕು ಜಾರ್ ಆರ್ಡರಿಗಿರಲಿ ಅಂತ ನೀರು ಕುಡಿಯುವ ಎರಡು ತೆಳು ಗಾಜಿನ ಲೋಟ ತೆಗೆದುಕೊಂಡಳು. ಉರಿ ಸಣ್ಣದಾಯಿತಲ್ಲ, ಬತ್ತಿ ದಪ್ಪ ಇರಲಿ ಅಂತ ಆ ಸುರುಳಿಯನ್ನೇ ಮೂರೆಳೆ ಮಾಡಿ ಹೊಸೆದಳು. ಎಣ್ಣೆ ಶೇ. 12ರಲ್ಲೇ ಉಳಿಯಿತು. ಅದನ್ನು ಕಮ್ಮಿ ಮಾಡೋಕೆ ಮನಸ್ಸು ಬರಲಿಲ್ಲ, ಘಮವೇ ಬರ್ತಿಲ್ಲವಲ್ಲ! ಗಟ್ಟಿಯಾದ ಮರುದಿನವೇ ಹಚ್ಚಿದಳು.

ಈ ಸಲ ಉರಿ ಎದ್ದಿತು. ಚೆನ್ನಾಗೇ ಎದ್ದಿತು. ಮುಕ್ಕಾಲು ಗಂಟೆಗೆಲ್ಲ ಮೇಣ ಅಂಚಿನ ತನಕ ಕರಗಿತ್ತು, ಬತ್ತಿಯ ತುದಿಯಲ್ಲಿ ಅಣಬೆಯ ಹಾಗೆ ಕರಿ ಉಂಡೆ ಕಟ್ಟಿತ್ತು, ಲೋಟದ ಬಾಯಿ ಸುತ್ತ ಮಸಿ. ಅವಳಿಗೆ ಖುಷಿಯೋ ಖುಷಿ. ಅಕ್ಕನನ್ನು ಕರೆದು ತೋರಿಸಿದಳು. ಅಕ್ಕ ಬಂದು ನಿಂತು ಎರಡು ನಿಮಿಷ ಆಗಿರಬೇಕು, ಟಕ್ ಅಂತ ಒಂದು ಸಣ್ಣ ಸದ್ದು. ಲೋಟದ ಒಂದು ಬದಿಯಲ್ಲಿ ಕೂದಲೆಳೆಯಂಥ ಗೆರೆ ಮೂಡಿತು, ಆ ಗೆರೆಯಲ್ಲಿ ಕರಗಿದ ಮೇಣ ಹನಿ ಹನಿಯಾಗಿ ಹೊರಗೆ ಬಂತು, ಆಮೇಲೆ ಆ ಬದಿ ಪೂರ್ತಿ ಬಿಟ್ಟುಕೊಂಡಿತು. ಮೇಣ ಪಿಂಗಾಣಿ ತಟ್ಟೆಯ ಮೇಲೆ ಹರಡಿತು. ಬತ್ತಿ ಅಡ್ಡ ಬಿದ್ದು ಅದರ ಮೇಲೇ ಉರಿಯುತ್ತಿತ್ತು.

ಗೆಳತಿ ನೀರಿನ ಚೊಂಬಿಗೆ ಕೈ ಹಾಕಿದಳು. ಅಕ್ಕ ಕೈ ತಡೆದು, ಪಕ್ಕದಲ್ಲಿದ್ದ ಪಾತ್ರೆಯ ದೊಡ್ಡ ಮುಚ್ಚಳ ಎಳೆದು ತಟ್ಟೆಯ ಮೇಲೆ ಕವುಚಿದರು. ಉರಿ ಆರಿತು. ಅಕ್ಕನಿಗೆ ಕ್ಯಾಂಡಲ್ ಬಗ್ಗೆ ಏನೂ ಗೊತ್ತಿಲ್ಲ. ಉರಿಯೋ ಎಣ್ಣೆಗೆ ನೀರು ಹಾಕಬಾರದು ಅಂತ ಅಷ್ಟೇ ಗೊತ್ತಿತ್ತು, ಅಷ್ಟು ಸಾಕಾಯಿತು. ಉರಿಯುವ ಮೇಣಕ್ಕೆ ಬಿದ್ದ ನೀರು ತಳಕ್ಕಿಳಿದು ಒಮ್ಮೆಲೇ ಆವಿಯಾಗುತ್ತೆ. ಆವಿಯಾದರೆ ಅದು ಹಿಡಿಯುವ ಜಾಗ ಸುಮಾರು 1,700 ಪಟ್ಟು. ಬೆಂಕಿ ಹತ್ತಿದ ಮೇಣವನ್ನು ಅದು ಮೇಲಕ್ಕೆ ಎರಚಿಬಿಡುತ್ತೆ.

ಲೋಟದ ಕೆಳಗೆ ಆ ತಟ್ಟೆ ಇಟ್ಟಿದ್ದು ಸುರಕ್ಷತೆಗೆ ಅಂತಲ್ಲ. ಫೋಟೋಗೆ ಚೆಂದ ಕಾಣಲಿ ಅಂತ.

ನಾನು ಬಂದಾಗ

ಫೋನ್ ಬಂತು. (ಹೇಗೆ ಮಾತಾಡಿದಳು ಅನ್ನೋದು ಬೇಡ.) ಸಮಾರಂಭಕ್ಕೆ ಇನ್ನು ಮೂರು ವಾರ ಇತ್ತು. ನಾನು ಹೋಗಿ ನೋಡಿದಾಗ ಮೇಜಿನ ಮೇಲೆ ಎಲ್ಲ ಸಾಲಾಗಿ ಇಟ್ಟಿದ್ದಳು. ವಾಸನೆಯೇ ಇಲ್ಲದ ನಾಲ್ಕು, ಬಾವಿ ಬಿದ್ದ ನಾಲ್ಕು, ಒಡೆದ ಲೋಟದ ಚೂರು. "ಯಾವ ಎಣ್ಣೆ ತರಿಸಲಿ ಹೇಳು, ಇದು ಡೂಪ್ಲಿಕೇಟ್ ಇರಬೇಕು" ಅನ್ನೋದು ಅವಳ ಮೊದಲ ಮಾತು.

ಎಣ್ಣೆ ಚೆನ್ನಾಗೇ ಇತ್ತು. ನಾನು ಕೇಳಿದ್ದು ಬೇರೆ. ಘಮ ಬರ್ತಿಲ್ಲ ಅಂತ ಯಾರು ಹೇಳಿದ್ದು?

"ನಾನೇ. ನನಗೇ ಬರ್ತಿಲ್ಲವಲ್ಲ."

ಬೇರೆ ಯಾರಾದರೂ ಮೂಸಿ ನೋಡಿದರಾ ಅಂದೆ. ಸ್ವಲ್ಪ ಯೋಚಿಸಿ, ಆ ಹುಡುಗ ಬಂದದ್ದನ್ನು ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳೇ ನಿಂತುಬಿಟ್ಟಳು. ನನ್ನ ಲೆಕ್ಕದಲ್ಲಿ ಈ ಪ್ರಕರಣ ತಿರುಗಿದ್ದು ಅಲ್ಲೇ. ಒಂದೇ ವಾಸನೆಯಲ್ಲಿ ಕೂತಿದ್ದರೆ ಮೂಗು ಕೆಲವೇ ನಿಮಿಷದಲ್ಲಿ ಅದನ್ನು ಲೆಕ್ಕದಿಂದ ಬಿಟ್ಟುಬಿಡುತ್ತೆ. ಹಿಂದಿನ ದಿನದಿಂದ ಎಣ್ಣೆ ತೂಗಿ, ಬೆರೆಸಿ, ಕೈಗೆ ಮೆತ್ತಿಕೊಂಡು, ಸಂಜೆ ಅದೇ ಕೋಣೆಯಲ್ಲಿ ಕ್ಯಾಂಡಲ್ ಹಚ್ಚಿ ಕೂತವಳಿಗೆ ಏನು ತಿಳಿಯಬೇಕು? ಹುಡುಗನಿಗೆ ಬಡಿದದ್ದರಲ್ಲಿ ಹಿಂದಿನ ದಿನ ಚೆಲ್ಲಿದ ಎಣ್ಣೆಯ ಪಾಲೂ ಇದ್ದಿರಬೇಕು. ಅದೇನೇ ಇರಲಿ, ಎರಡು ವಾರ ಅವಳು ತೆಗೆದುಕೊಂಡ ಒಂದೊಂದು ತೀರ್ಮಾನವೂ ಕೆಲಸ ಮಾಡದ ಮೂಗಿನ ಮಾತು ಕೇಳಿ ಆಗಿತ್ತು.

ಎರಡನೇ ಮಾತು ಬತ್ತಿಯದು. ಇದನ್ನು ಒಪ್ಪಿಸೋಕೆ ನನಗೆ ಅರ್ಧ ಗಂಟೆ ಹಿಡಿಯಿತು. ಘಮ ಉರಿಯಿಂದ ಬರುತ್ತೆ ಅಂತ ಅವಳು ನಂಬಿದ್ದಳು. ಉರಿಯುವುದು ಮೇಣದ ಆವಿ. ಬತ್ತಿ ಕರಗಿದ ಮೇಣವನ್ನು ಮೇಲಕ್ಕೆ ಎಳೆಯುತ್ತೆ, ಉರಿಯ ಬಿಸಿಗೆ ಅದು ಆವಿಯಾಗಿ ಉರಿಯುತ್ತೆ. ಅದರ ಜೊತೆ ಬತ್ತಿಯಲ್ಲಿ ಏರಿದ ಪರಿಮಳದ ಎಣ್ಣೆಯೂ ಉರಿದು ಹೋಗುತ್ತೆ. ನಮಗೆ ಸಿಗುವ ಘಮ ಹೆಚ್ಚಾಗಿ ಬರೋದು ಬತ್ತಿಯ ಸುತ್ತ ನಿಂತ ಬಿಸಿ ಮೇಣದ ಕೊಳದಿಂದ, ಅದರ ಮೈಯಿಂದ ಎಣ್ಣೆ ಆವಿಯಾಗಿ ಏಳೋದರಿಂದ. ಕೊಳ ಎರಡು ಬೆರಳಗಲ ಇದ್ದರೆ ಘಮವೂ ಅಷ್ಟೇ. ಅಂಚಿನಲ್ಲಿ ಗಟ್ಟಿಯಾಗಿ ನಿಂತ ಮೇಣದೊಳಗೆ ಶೇ. 12 ಇದ್ದರೇನು, 20 ಇದ್ದರೇನು? ಎಣ್ಣೆ ಜಾಸ್ತಿಯಾದಷ್ಟೂ ಬತ್ತಿ ಕಟ್ಟಿಕೊಂಡು ಉರಿ ಕುಗ್ಗುತ್ತೆ, ಕೊಳ ಇನ್ನೂ ಸಣ್ಣದಾಗುತ್ತೆ. ಘಮಕ್ಕೆ ಅಂತ ಹಾಕಿದ ಎಣ್ಣೆಯೇ ಘಮವನ್ನು ತಡೆದಿತ್ತು.

ಆ ಹೆಸರಿಲ್ಲದ ಸುರುಳಿಯನ್ನು ಅವತ್ತೇ ಪಕ್ಕಕ್ಕೆ ಇಡಿಸಿದೆ. ಅದರ ನಡುವೆ ಲೋಹದ ಎಳೆಯೊಂದಿತ್ತು. ಬಿಳಿ ಕಾಗದದ ಮೇಲೆ ತಿಕ್ಕಿದೆವು. ಸೀಸವಾಗಿದ್ದರೆ ಪೆನ್ಸಿಲ್ ಎಳೆದ ಹಾಗೆ ಬೂದು ಗೆರೆ ಬೀಳುತ್ತೆ. ಬೀಳಲಿಲ್ಲ, ಸದ್ಯ. ಸೀಸದ ಎಳೆಯ ಬತ್ತಿಯನ್ನು ಅಮೆರಿಕ 2003ರಲ್ಲಿ ನಿಷೇಧಿಸಿತು. ಅದೇನೇ ಆದರೂ ಗಾತ್ರ ಗೊತ್ತಿಲ್ಲದ ಬತ್ತಿ ಇಟ್ಟುಕೊಂಡು ಯಾವ ಪರೀಕ್ಷೆಯೂ ಸಾಧ್ಯವಿಲ್ಲ. ನಂಬರ್ ಇರುವ, ಹೆಣೆದ ಹತ್ತಿ ಬತ್ತಿಯ ನಾಲ್ಕು ಅಳತೆಗಳು ನನ್ನ ಹತ್ತಿರ ಇದ್ದವು. ಸಣ್ಣದರಿಂದ ದಪ್ಪಕ್ಕೆ 1, 2, 3, 4 ಅಂತ ಕರೆಯೋಣ.

ಒಂದು ಸಲಕ್ಕೆ ಒಂದೇ

ಅವಳ ಹತ್ತಿರ ನಾಲ್ಕು ಜಾರ್ ಉಳಿದಿದ್ದವು. ನಾಲ್ಕು ಬತ್ತಿ. ಬೇರೆ ಯಾವುದೂ ಬದಲಾಗಬಾರದು ಅನ್ನೋದು ಒಪ್ಪಂದ.

ಮೊದಲು ಜಾರನ್ನು ತೂಕದ ಯಂತ್ರದ ಮೇಲಿಟ್ಟು ಸೊನ್ನೆ ಮಾಡಿ, ಎಲ್ಲಿ ತನಕ ಮೇಣ ಬೇಕೋ ಅಲ್ಲಿ ತನಕ ನೀರು ಹಾಕಿದೆವು. 200 ಗ್ರಾಂ ಬಂತು. ಮೇಣ ನೀರಿಗಿಂತ ಹಗುರ, ಸುಮಾರು 0.9ರಿಂದ ಗುಣಿಸಿದರೆ ಸಾಕು, 180 ಗ್ರಾಂ. ಅದರಲ್ಲಿ 170 ಮೇಣ, 10 ಎಣ್ಣೆ. ಶೇ. 6ರ ಲೆಕ್ಕ ಹೀಗೆ ಕೂರುತ್ತೆ. ನಾಲ್ಕಕ್ಕೂ ಸೇರಿ 680 ಗ್ರಾಂ ಮೇಣ, 41 ಗ್ರಾಂ ಎಣ್ಣೆ. ಆ ಒಂದು ಚೂರು ಎಣ್ಣೆ ನೋಡಿ ಅವಳ ಮುಖ ಸಪ್ಪಗಾಯಿತು. "ಇಷ್ಟೇನಾ?"

ನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಮೇಣ ಕರಗಿಸಿದೆವು. 82 ಡಿಗ್ರಿ ಬಂದಾಗ ಒಲೆ ಆರಿಸಿ ಎಣ್ಣೆ ಹಾಕಿ, ಗಡಿಯಾರ ನೋಡಿಕೊಂಡು ಎರಡು ನಿಮಿಷ ತಿರುವಿದೆವು. ಜಾರುಗಳನ್ನು ಬಿಸಿನೀರಿನಲ್ಲಿಟ್ಟು, ಒರೆಸಿ, ಒಣಗಿಸಿ ಬೆಚ್ಚಗೆ ಇಟ್ಟುಕೊಂಡಿದ್ದೆವು. ತಣ್ಣಗಿನ ಗಾಜಿಗೆ ಬಿಸಿ ಮೇಣ ಸುರಿದರೆ ಗಾಜಿಗೂ ಒಳ್ಳೆಯದಲ್ಲ, ಮೇಣವೂ ಗೋಡೆ ಬಿಟ್ಟು ನಿಲ್ಲುತ್ತೆ. 60 ಡಿಗ್ರಿಗೆ ಸುರಿದೆವು. ಬತ್ತಿ ನಡುವೆ ನಿಲ್ಲೋಕೆ ಬಟ್ಟೆ ಕ್ಲಿಪ್ ಸಾಕಾಯಿತು. ಜಾರಿನ ತಳಕ್ಕೆ ನಂಬರ್, ತಾರೀಕು ಅಂಟಿಸಿದೆವು.

ಆಮೇಲೆ ಹದಿನಾಲ್ಕು ದಿನ ಮುಟ್ಟಬೇಡ ಅಂದೆ. ಸೋಯಾ ಮೇಣಕ್ಕೆ ಒಂದೆರಡು ವಾರ ಹದವಾಗೋಕೆ ಬಿಡಬೇಕು. ಪ್ಯಾರಾಫಿನ್ ಆಗಿದ್ದರೆ ಎರಡು ಮೂರು ದಿನಕ್ಕೆ ನಡೆಯುತ್ತಿತ್ತು.

ಅವಳು ಮುಟ್ಟದೆ ಇರಲಿಲ್ಲ. ನಾಲ್ಕನೇ ದಿನ ಹೋದಾಗ 3ನೇ ಬತ್ತಿಯ ತುದಿ ಕಪ್ಪಗಿತ್ತು! ಕೇಳಿದರೆ ಮೊದಲು ಇಲ್ಲ ಅಂದಳು, ಆಮೇಲೆ "ಒಂದೇ ಒಂದು ಗಂಟೆ ಕಣೇ" ಅಂದಳು. ಪಕ್ಕದ ಮನೆ ಹುಡುಗನನ್ನೂ ಕರೆದು ಕೇಳಿದ್ದಳಂತೆ. "ಸ್ವಲ್ಪ ಸ್ವಲ್ಪ ಬರ್ತಿದೆ ಆಂಟಿ" ಅಂದಿದ್ದ. ಬೈದೆ. ಆದರೆ ಆ ಕಳ್ಳತನದಿಂದ ಒಂದು ಲಾಭವಾಯಿತು. ಅದೇ ಜಾರನ್ನು ಹದಿನಾಲ್ಕನೇ ದಿನ ಹಚ್ಚಿದಾಗ ಅದೇ ಹುಡುಗ ಬಾಗಿಲು ದಾಟಿ ಒಳಗೆ ಬರುವ ಮೊದಲೇ "ಹಾಂ, ಬಂತು" ಅಂದ.

ಏಳನೇ ದಿನ

ನಡುವೆ ಬಂದ ಈ ದಿನವೇ ಎಲ್ಲಕ್ಕಿಂತ ಕಷ್ಟದ್ದು. ಲೆಕ್ಕ ಸರಳ. ಸಮಾರಂಭಕ್ಕೆ ಎರಡು ವಾರ ಉಳಿದಿತ್ತು. ನಲವತ್ತು ಕ್ಯಾಂಡಲ್ ಹದವಾಗಬೇಕಾದರೆ ಇವತ್ತೇ ಸುರಿಯಬೇಕು. ಯಾವ ಬತ್ತಿ ಅಂತ ಗೊತ್ತಾಗೋಕೆ ಇನ್ನೂ ಒಂದು ವಾರ ಕಾಯಬೇಕು, ಆಮೇಲೆ ಪೂರ್ತಿ ಉರಿಸಿ ನೋಡಬೇಕು.

ಅವಳ ಯೋಚನೆ: ಉಳಿದ ಜಾರ್ ತರಿಸೋದು, 4ನೇ ಬತ್ತಿ ಹಾಕಿ ಸುರಿದುಬಿಡೋದು. ದಪ್ಪ ಬತ್ತಿ ಅಂದರೆ ದೊಡ್ಡ ಕೊಳ, ದೊಡ್ಡ ಕೊಳ ಅಂದರೆ ಜಾಸ್ತಿ ಘಮ, ನೀನೇ ಹೇಳಿದ್ದು ಅಲ್ವಾ ಅಂತ ನನ್ನ ಮಾತನ್ನೇ ನನಗೆ ತಿರುಗಿಸಿದಳು. ನಾನು ಬೇಡ ಅಂದೆ. ಆದರೆ ತೀರ್ಮಾನ ನನ್ನದಲ್ಲ. ಆರ್ಡರ್ ಅವಳದು, ಹೆಸರು ಅವಳದು.

ರಾತ್ರಿ ಅವಳು ಒಡೆದ ಲೋಟದ ಚೂರು ಇಟ್ಟಿದ್ದ ಡಬ್ಬಿ ತೆಗೆದು ನೋಡಿದಳಂತೆ. ಇದು ನಲವತ್ತು ಮನೆಗೆ ಹೋಗುತ್ತೆ, ಅಲ್ಲಿ ಎಲ್ಲರ ಮೇಜಿನ ಮೇಲೆ ಪಿಂಗಾಣಿ ತಟ್ಟೆ ಇರೋದಿಲ್ಲ, ಮುಚ್ಚಳ ಹಿಡಿದು ಅಕ್ಕನೂ ನಿಂತಿರೋದಿಲ್ಲ ಅಂತ ಅನ್ನಿಸಿತಂತೆ. ಬೆಳಗ್ಗೆ ಫೋನ್ ಮಾಡಿ ಆಗೋದಿಲ್ಲ ಅಂತ ಹೇಳಿದಳು. ಕಾರಣ ಸುತ್ತು ಬಳಸಲಿಲ್ಲ. ಇನ್ನೂ ಪರೀಕ್ಷೆ ಮುಗಿದಿಲ್ಲ, ಸುರಕ್ಷಿತ ಅಂತ ನನಗೇ ಖಾತ್ರಿ ಇಲ್ಲ ಅಂದಳು. ಆ ಕಡೆಯವರು "ಮೂರು ವಾರದ ಹಿಂದೆ ಹೇಳಿದ್ದರೆ ಚೆನ್ನಾಗಿತ್ತು" ಅಂದು ಫೋನಿಟ್ಟರು. ಸರಿಯಾಗೇ ಹೇಳಿದರು. ಆರ್ಡರ್ ಹೋಯಿತು, ಮತ್ತೆ ಬರಲೂ ಇಲ್ಲ.

ಉರಿಸಿ ನೋಡಿದ್ದು

ಹದಿನಾಲ್ಕನೇ ದಿನ ಶುರು ಮಾಡಿದೆವು. ಗಾಳಿ ಬೀಸದ ಜಾಗ, ಫ್ಯಾನ್ ಇಲ್ಲ. ಪ್ರತಿ ಸಲ ಬತ್ತಿಯನ್ನು 6 ಮಿ.ಮೀ.ಗೆ ಕತ್ತರಿಸಿ ಹಚ್ಚೋದು, ಗಂಟೆಗೊಮ್ಮೆ ಸ್ಕೇಲ್ ಇಟ್ಟು ಫೋಟೋ, ನಾಲ್ಕು ಗಂಟೆಗೆ ಆರಿಸೋದು. (ಹಿಂದಿನ ಕಾಲದಲ್ಲಿ ಉರಿಯುವಾಗಲೇ ಮತ್ತೆ ಮತ್ತೆ ಎದ್ದು ಬತ್ತಿ ಕತ್ತರಿಸಬೇಕಿತ್ತು. 1825ರ ಸುಮಾರಿಗೆ ಫ್ರಾನ್ಸಿನಲ್ಲಿ ಹೆಣೆದ ಬತ್ತಿ ಬಂತು. ಅದರ ತುದಿ ಬಾಗಿ ಉರಿಯ ಅಂಚಿಗೆ ಸೇರಿ ತಾನೇ ಸುಟ್ಟು ಹೋಗುತ್ತೆ. ಅದೊಂದು ಬಾಗುವಿಕೆಯಿಂದ ಎಷ್ಟು ಕೆಲಸ ಉಳಿಯಿತು ನೋಡಿ.)

ಜಾರಿನ ಒಳಗಿನ ಅಗಲ 7 ಸೆಂ.ಮೀ. ಎರಡೂವರೆ ಸೆಂ.ಮೀ.ಗೆ ಒಂದು ಗಂಟೆ ಅನ್ನೋದು ಕೈಯಳತೆಯ ಲೆಕ್ಕ. ಅಂದರೆ ಸುಮಾರು ಮೂರು ಗಂಟೆಗೆ ಕೊಳ ಅಂಚು ಮುಟ್ಟಬೇಕು.

1ನೇ ಬತ್ತಿ ನಾಲ್ಕು ಗಂಟೆಯಾದರೂ ಸುತ್ತ ಒಂದು ಸೆಂ.ಮೀ. ಬಿಟ್ಟೇ ನಿಂತಿತ್ತು. ಸುರಂಗ ಬೀಳೋದು ಗ್ಯಾರಂಟಿ, ಅದನ್ನು ಅಲ್ಲಿಗೇ ಬಿಟ್ಟೆವು. 4ನೇದು ಒಂದೇಕಾಲು ಗಂಟೆಗೆ ಅಂಚು ಮುಟ್ಟಿತು, ಉರಿ ಹೆಬ್ಬೆರಳಿಗಿಂತ ಉದ್ದ, ಎರಡನೇ ಗಂಟೆಗೆ ಜಾರಿನ ಬಾಯಿ ಕರಿ. ಗೆಳತಿ ಅದನ್ನು ಸುಮ್ನೆ ನೋಡುತ್ತಾ ಕೂತಳು. ನಲವತ್ತಕ್ಕೆ ಅವಳು ಹಾಕೋಕೆ ಹೊರಟದ್ದು ಅದನ್ನೇ.

ಉಳಿದವು ಎರಡು. 3ನೇದು ಎರಡು ಗಂಟೆಗೆ ಅಂಚು ಮುಟ್ಟಿತು, ಘಮ ಕೋಣೆ ತುಂಬಿತು. 2ನೇದು ನಾಲ್ಕು ಗಂಟೆಗೂ ಅಂಚಿನಲ್ಲಿ ತೆಳುವಾದ ಒಂದು ಪದರ ಬಿಟ್ಟಿತ್ತು, ಘಮ ಸ್ವಲ್ಪ ಕಮ್ಮಿ. ಮೂರೇ ಸರಿ ಅಂತ ಅವಳು. ಯಾರೇ ಆದರೂ ಹಾಗೇ ಹೇಳುತ್ತಿದ್ದರು. ಇಲ್ಲಿಗೇ ಪರೀಕ್ಷೆ ನಿಲ್ಲಿಸಿಬಿಡೋದು ನಾನು ಕಂಡ ಹಾಗೆ ಬಹಳ ಜನರ ಅಭ್ಯಾಸ. ಆದರೆ ಜಾರ್ ಅರ್ಧ ಖಾಲಿಯಾದ ಮೇಲೆ ಕಥೆ ಬೇರೆ. ಉರಿ ಗಾಜಿನೊಳಕ್ಕೆ ಇಳಿಯುತ್ತೆ, ಬಿಸಿ ಹೊರಗೆ ಹೋಗದೆ ಗೋಡೆಗೆ ಬಡಿದು ಮೇಣಕ್ಕೇ ವಾಪಸ್ ಬರುತ್ತೆ. ಮೇಲೆ ಸೋಮಾರಿಯಾಗಿ ಕಂಡ ಬತ್ತಿ ಕೆಳಗೆ ಸರಿಯಾಗುತ್ತೆ, ಮೇಲೆ ಸರಿಯಾಗಿ ಕಂಡದ್ದು ಕೆಳಗೆ ಅತಿಯಾಗುತ್ತೆ.

ದಿನಕ್ಕೆ ಎರಡು ಸುತ್ತಿನಂತೆ ಉರಿಸಿದೆವು. 2ನೇ ಬತ್ತಿ ಎರಡನೇ ಸುತ್ತಿನಲ್ಲೇ ಮೊದಲು ಬಿಟ್ಟಿದ್ದ ಪದರವನ್ನೂ ಕರಗಿಸಿಕೊಂಡಿತು. 3ನೇದು ಐದನೇ ಸುತ್ತಿನ ತನಕ ಚೆನ್ನಾಗಿತ್ತು, ಅಲ್ಲಿಂದ ಮುಂದೆ ಉರಿ ಕುಣಿಯೋಕೆ ಶುರುವಾಯಿತು, ಕೊಳ ಆಳವಾಯಿತು, ಜಾರನ್ನು ಕೈಯಿಂದ ಮುಟ್ಟೋಕೆ ಆಗಲಿಲ್ಲ. ಆರನೇ ಸುತ್ತಿನ ನಡುವೆ ಮುಚ್ಚಳ ಹಾಕಿ ಆರಿಸಿದೆವು. 2ನೇದು ಏಳು ಸುತ್ತು ಉರಿದು, ತಳದಲ್ಲಿ ಒಂದು ಸೆಂ.ಮೀ. ಚಿಲ್ಲರೆ ಮೇಣ ಉಳಿದಾಗ ನಾವೇ ನಿಲ್ಲಿಸಿದೆವು. ಅಲ್ಲಿಂದ ಕೆಳಗೆ ಉರಿಸಿದರೆ ಜಾರಿನ ತಳವೇ ಕಾಯುತ್ತೆ. ಗಾಜಿನ ಮೇಲೆ ಮಸಿ ಇರಲಿಲ್ಲ.

ಎರಡನೇ ನಂಬರ್ ಅಂತ ಅವಳೇ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಎಣ್ಣೆಯ ಪ್ರಶ್ನೆ ಮತ್ತೆ

ಆದರೂ ಶೇ. 6 ಅವಳಿಗೆ ಸಮಾಧಾನ ಕೊಡಲಿಲ್ಲ. ಸರಿ, ಮುಂದಿನ ಸುತ್ತಿನಲ್ಲಿ ಬತ್ತಿ ಮುಟ್ಟದೆ ಎಣ್ಣೆ ಮಾತ್ರ ಬದಲಾಯಿಸಿ ನೋಡು ಅಂದೆ. ಹಳೆ ಜಾರುಗಳ ಮೇಣ ಬಿಸಿನೀರಿನಲ್ಲಿಟ್ಟು ಬಿಡಿಸಿ, ಅದನ್ನು ಕಸಕ್ಕೆ ಹಾಕಿ (ಸಿಂಕಿಗೆ ಸುರಿದರೆ ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತೆ), ಶೇ. 6 ಮತ್ತು 8ರಲ್ಲಿ ಎರಡೆರಡು ಮಾಡಿದಳು. ಹದಿನಾಲ್ಕು ದಿನ ಕಾದಳು, ಈ ಸಲ ನಿಜವಾಗಿಯೂ. ಒಂದೇ ಗಾತ್ರದ ಎರಡು ಕೋಣೆ, ಬಾಗಿಲು ಹಾಕಿ ಎರಡು ಗಂಟೆ ಉರಿಸಿ, ಹೊರಗಿನಿಂದ ಬಂದ ಐದು ಜನರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟೆವು. ಯಾವುದರಲ್ಲಿ ಎಷ್ಟು ಅಂತ ಯಾರಿಗೂ ಹೇಳಿರಲಿಲ್ಲ. ಇಬ್ಬರು 8 ಜಾಸ್ತಿ ಅಂದರು, ಇಬ್ಬರು 6 ಜಾಸ್ತಿ ಅಂದರು, ಒಬ್ಬರು ಎರಡೂ ಒಂದೇ ಅಲ್ವಾ ಅಂದರು. ಅವಳು ಆರಕ್ಕೇ ನಿಂತಳು. ಐದು ಜನರ ಮೂಗಿನಿಂದ ದೊಡ್ಡ ಸತ್ಯವೇನೂ ಸಾಬೀತಾಗೋದಿಲ್ಲ, ಆದರೆ ಈ ಮೇಣ, ಈ ಎಣ್ಣೆ, ಈ ಜಾರಿಗೆ ಆ ಹೆಚ್ಚಿನ ಶೇ. 2 ದಂಡ ಅನ್ನೋಕೆ ಅಷ್ಟು ಸಾಕು. ಇನ್ನೊಂದು ಎಣ್ಣೆಗೆ 8 ಬೇಕಾಗಬಹುದು. ಎಣ್ಣೆಗೇ ಅದರದೇ ಮಿತಿಯೂ ಇರುತ್ತೆ. ಮಾರುವವರು ಕೊಡುವ ಇಫ್ರಾ (ಪರಿಮಳ ಉದ್ಯಮದ ಅಂತಾರಾಷ್ಟ್ರೀಯ ಸಂಸ್ಥೆ) ಪ್ರಮಾಣಪತ್ರದಲ್ಲಿ ಕ್ಯಾಂಡಲ್ 12ನೇ ವಿಭಾಗದಲ್ಲಿ ಬರುತ್ತೆ, ಅಲ್ಲಿ ನೋಡಬೇಕು.

ನಿಂಬೆಯ ಎಸೆನ್ಶಿಯಲ್ ಆಯಿಲ್ ಕೈಕೊಟ್ಟಿತು. ಮುಚ್ಚಳ ತೆಗೆದರೆ ಚೆಂದದ ವಾಸನೆ, ಹಚ್ಚಿದರೆ ಏನೂ ಇಲ್ಲ. ಸಿಟ್ರಸ್ ಎಣ್ಣೆಗಳು ಬಹಳ ಹಗುರ, ಬೇಗ ಹಾರಿಹೋಗುತ್ತವೆ. ವೆನಿಲ್ಲಾ ಘಮ ಚೆನ್ನಾಗಿ ಬಂತು, ಆದರೆ ಬಿಳಿ ಮೇಣ ವಾರ ಕಳೆದ ಹಾಗೆ ಕಂದು ಬಣ್ಣಕ್ಕೆ ತಿರುಗಿತು. ಅದು ಕೆಟ್ಟದ್ದಲ್ಲ, ವೆನಿಲ್ಲಾದ ಘಮ ಕೊಡುವ ವೆನಿಲಿನ್ ಇದ್ದಲ್ಲಿ ಹಾಗಾಗುತ್ತೆ. ಮೇಣದ ಮೇಲೆ ಹಿಮ ಬಿದ್ದ ಹಾಗೆ ಬಿಳಿ ಕಲೆ ಬಂದಾಗಲೂ ಗಾಬರಿಯಾಗಿದ್ದಳು. ಸೋಯಾ ಮೇಣ ಹರಳುಗಟ್ಟುವ ರೀತಿ ಅದು, ಉರಿಯೋದಕ್ಕೆ ಅಡ್ಡಿಯಿಲ್ಲ.

ಈ ಪ್ರಕರಣವನ್ನು ನಾನು ಹೊಸಬರಿಗೆ ಹೇಳುವಾಗ ಅವರು ಬತ್ತಿಯ ನಂಬರ್ ಕೇಳುತ್ತಾರೆ. ನಾನು ಹೇಳೋದಿಲ್ಲ. ಅವರ ಜಾರ್ ಬೇರೆ, ಮೇಣ ಬೇರೆ, ಆ ನಂಬರ್ ಅವರಿಗೆ ಉಪಯೋಗವಿಲ್ಲ. ನನ್ನ ಕಣ್ಣಿಗೆ ಗೆಳತಿಯ ದೊಡ್ಡ ತಪ್ಪು ಶೇ. 12 ಅಲ್ಲ. ಪ್ರತಿ ಸಲವೂ ಎರಡು ಮೂರು ಸಂಗತಿ ಒಟ್ಟಿಗೆ ಬದಲಾಯಿಸಿದ್ದು. ಎರಡನೇ ಸಲ ಎಣ್ಣೆ ಮತ್ತು ತಾಪಮಾನ, ಮೂರನೇ ಸಲ ಬತ್ತಿ ಮತ್ತು ಗಾಜು. ಒಡೆದ ಮೇಲೂ ಅವಳಿಗೆ ಒಡೆದದ್ದು ಬತ್ತಿಯಿಂದಲೋ ಲೋಟದಿಂದಲೋ ಅಂತ ಹೇಳೋಕೆ ಆಗುತ್ತಿರಲಿಲ್ಲ. ಮತ್ತು ಆರ್ಡರ್ ಒಪ್ಪಿಕೊಂಡ ದಿನ. ಅಲ್ಲಿ "ಒಂದು ಪೂರ್ತಿ ಉರಿಸಿ ನೋಡಿ ಹೇಳ್ತೀನಿ" ಅಂದಿದ್ದರೆ ಉಳಿದದ್ದೆಲ್ಲ ಬರೀ ಮೇಣ ದಂಡವಾದ ಕಥೆಯಾಗುತ್ತಿತ್ತು.

ಈಗ ಅವಳು ತಿಂಗಳಿಗೆ ಹತ್ತು ಹನ್ನೆರಡು ಮಾಡುತ್ತಾಳೆ, ಹೆಚ್ಚು ಒಪ್ಪಿಕೊಳ್ಳೋದಿಲ್ಲ. ಹೊಸ ಘಮ ಏನೇ ಮಾಡಿದರೂ ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ನಿಂತು ಮೂಗು ಮೇಲೆತ್ತಿ ಹತ್ತಕ್ಕೆ ಅಂಕ ಕೊಡಬೇಕು. ಕಳೆದ ವಾರದ ಶ್ರೀಗಂಧಕ್ಕೆ ನಾಲ್ಕು ಕೊಟ್ಟ. ನೋಟ್‌ಬುಕ್ಕಿನಲ್ಲಿ ಅವಳು ನಾಲ್ಕು ಅಂತ ಬರೆದಿದ್ದಾಳೆ, ಆಮೇಲೆ ಅದನ್ನು ಐದು ಮಾಡಿದ್ದಾಳೆ, ಮತ್ತೆ ಐದನ್ನು ಹೊಡೆದುಹಾಕಿ ಪಕ್ಕದಲ್ಲಿ ನಾಲ್ಕು ಅಂತಲೇ ಬರೆದಿದ್ದಾಳೆ.